ಹಡ್ಸನ್ ನದಿಯ ಸ್ಟೀಮರ್‌ಗಳು, ಜೇಮ್ಸ್ ಬಾರ್ಡ್ ಕುಂಚದಲ್ಲಿ
ನ್ಯೂಯಾರ್ಕಿನ ಜೇಮ್ಸ್ ಬಾರ್ಡ್ (1815–1897) ಮೊದಲು ಅವಳಿ ಸೋದರ ಜಾನ್ ಜೊತೆ, ಆಮೇಲೆ ಒಬ್ಬರೇ, ಹಡ್ಸನ್ ನದಿಯ ಸ್ಟೀಮರ್‌ಗಳನ್ನು ಬಿಡಿಸುತ್ತಲೇ ಬಾಳು ಸವೆಸಿದರು. ಚಿತ್ರ ಬರೆಸುತ್ತಿದ್ದವರು ಹಡಗಿನ ಮಾಲೀಕರು, ಕಪ್ತಾನರು, ಅದನ್ನು ಕಟ್ಟಿದವರು. ಅವರಿಗೆ ಬೇಕಿದ್ದುದು ಸೂರ್ಯಾಸ್ತವಲ್ಲ, ತಮ್ಮ ಹಡಗು! ಹಾಗಾಗಿ ಬಾರ್ಡ್ ಹಡಗನ್ನು ಅಳೆದು, ಪ್ರಮಾಣ ತಪ್ಪದಂತೆ, ಪಕ್ಕದಿಂದ ಕಾಣುವ ಹಾಗೆ ಬರೆದರು. ಬದಿಯ ಭಾರಿ ಚಕ್ರದ ಕವಚದ ಮೇಲೆ ಹಡಗಿನ ಹೆಸರು ದಪ್ಪಕ್ಷರಗಳಲ್ಲಿ ಎದ್ದು ಕಾಣುತ್ತದೆ. ಅದರ ಮೇಲೆ, ಏತದಂತೆ ಏರಿಳಿಯುವ ತೊಲೆ. ಉಗಿಯ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ. ಕಟಕಟೆಯ ಒಂದು ಕಂಬಿಯನ್ನೂ ಬಿಡದ ಈ ಕೈಗೆ ಮನುಷ್ಯರು ಮಾತ್ರ ಒಗ್ಗಲಿಲ್ಲ: ಎತ್ತರದ ಟೋಪಿಯ ಗಂಡಸರು ಸೆಟೆದು ನಿಂತಿದ್ದಾರೆ. ಹಲವು ಚಿತ್ರಗಳಲ್ಲಿ ಸಹಿಯ ಜೊತೆಗೆ ವಿಳಾಸವೂ ಇದೆ, ಮುಂದಿನ ಗಿರಾಕಿಗಾಗಿ ಇರಬೇಕು.