ಎಂಟು–ಏಳು: ಒಂದು ಅಂಕ ಮತ್ತು 24 ವರ್ಷಗಳ ಭಯ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಆಟಗಳ ಇತಿಹಾಸ ಹೇಳುವ ನಮ್ಮ ಸರಣಿಯಲ್ಲಿ ಇವತ್ತು ನಾವು ಹೆಚ್ಚಾಗಿ ನೋಡದ ಒಂದು ಆಟದ ಕತೆ. ಆಟ ರಗ್ಬಿ, ದೇಶ ನ್ಯೂಜಿಲೆಂಡ್, ತಂಡ ಆಲ್ ಬ್ಲ್ಯಾಕ್ಸ್. ಕಪ್ಪು ಜೆರ್ಸಿ ಹಾಕ್ಕೊಂಡು, ಪಂದ್ಯಕ್ಕೆ ಮೊದಲು ತೊಡೆ ತಟ್ಟಿ, ಕಣ್ಣರಳಿಸಿ 'ಹಾಕಾ' ಮಾಡ್ತಾರಲ್ಲ, ಅವರೇ.

ಕ್ರಿಕೆಟ್ ನೋಡೋರಿಗೆ 'ಚೋಕರ್ಸ್' ಅಂದ ತಕ್ಷಣ ನೆನಪಾಗೋದು ದಕ್ಷಿಣ ಆಫ್ರಿಕಾ. ಗೆಲ್ಲೋ ಪಂದ್ಯವನ್ನ ಕೊನೇ ಗಳಿಗೆಯಲ್ಲಿ ಕೈಬಿಡೋರು ಅಂತ. ಆದರೆ ರಗ್ಬಿಯಲ್ಲಿ ಅದೇ ದಕ್ಷಿಣ ಆಫ್ರಿಕಾ 2007ರ ಹೊತ್ತಿಗೆ ಎರಡು ಸಲ ವಿಶ್ವಕಪ್ ಗೆದ್ದಿತ್ತು. ಅಲ್ಲಿ ಚೋಕರ್ಸ್ ಅನ್ನಿಸಿಕೊಂಡಿದ್ದು ನ್ಯೂಜಿಲೆಂಡ್. ಇದನ್ನ ಮೊದಲೇ ಹೇಳೋಕೆ ಕಾರಣ ಇದೆ. ಒತ್ತಡಕ್ಕೆ ಕುಸಿಯೋದು ಯಾವ ದೇಶದ ರಕ್ತದಲ್ಲೂ ಇಲ್ಲ. ಒತ್ತಡಕ್ಕೆ ಜಗ್ಗದೆ ಇರೋದೂ ರಕ್ತದಲ್ಲಿ ಬರೋದಿಲ್ಲ. ಅದನ್ನ ಕಲೀಬೇಕು. ಈ ತಂಡ ಅದನ್ನ ಹೇಗೆ ಕಲಿತು ಅನ್ನೋದೇ ಇವತ್ತಿನ ವಿಷಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡದಲ್ಲಿ 15 ಜನ, 80 ನಿಮಿಷದ ಆಟ. ಚೆಂಡನ್ನ ಕೈಯಲ್ಲಿ ಹಿಡಿದು ಮುಂದೆ ಓಡಬಹುದು, ಆದರೆ ಕೈಯಿಂದ ಪಾಸ್ ಕೊಡೋದಾದ್ರೆ ಮುಂದಕ್ಕೆ ಕೊಡೋ ಹಾಗಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿದರೆ 'ಟ್ರೈ', ಐದು ಅಂಕ. ಅದರ ನಂತರದ ಒದೆತ ಗುರಿ ಮುಟ್ಟಿದರೆ ಇನ್ನೆರಡು. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕು, ಅದರ ಒದೆತ ಗುರಿ ಮುಟ್ಟಿದರೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನ ನೆಲಕ್ಕೆ ಬಿಟ್ಟು, ಪುಟಿಯುತ್ತಿದ್ದ ಹಾಗೇ ಕಂಬಗಳ ನಡುವೆ ಒದ್ದರೆ ಅದು 'ಡ್ರಾಪ್ ಗೋಲ್', ಅದಕ್ಕೂ ಮೂರು. ಈ ಡ್ರಾಪ್ ಗೋಲ್ ನೆನಪಿಟ್ಟುಕೊಳ್ಳಿ.

ಮೊದಲ ರಗ್ಬಿ ವಿಶ್ವಕಪ್ ನಡೆದದ್ದು 1987ರಲ್ಲಿ. ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಡೆದ ಫೈನಲ್‌ನಲ್ಲಿ ನ್ಯೂಜಿಲೆಂಡ್ ಫ್ರಾನ್ಸನ್ನ 29–9ರಿಂದ ಸೋಲಿಸಿ ಕಪ್ ಎತ್ತಿತು. ಇನ್ನು ಇದು ನಮ್ಮದೇ ಅಂದುಕೊಂಡರು ಜನ. ಆಮೇಲೆ ಏನಾಯ್ತು ನೋಡಿ. 1991ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಸೋಲು. 1995ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು, ಹೆಚ್ಚುವರಿ ಸಮಯದ ಒಂದು ಡ್ರಾಪ್ ಗೋಲ್‌ನಿಂದ 15–12ರ ಸೋಲು. 1999ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 24–10ರಿಂದ ಮುಂದಿದ್ದು 43–31ರಿಂದ ಸೋತರು. 2003ರಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಆಸ್ಟ್ರೇಲಿಯಾ. ವಿಶ್ವಕಪ್‌ಗಳ ನಡುವಿನ ವರ್ಷಗಳಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ ಸೋಲಿಸೋ ತಂಡ, ನಾಲ್ಕು ವರ್ಷಕ್ಕೊಮ್ಮೆ ಮುಗ್ಗರಿಸ್ತಿತ್ತು.

ಆ ದೇಶಕ್ಕೆ ಇದು ಬರೀ ಆಟ ಆಗಿರಲಿಲ್ಲ. 2011ರಲ್ಲಿ ನ್ಯೂಜಿಲೆಂಡಿನ ಒಟ್ಟು ಜನಸಂಖ್ಯೆ ಸುಮಾರು 44 ಲಕ್ಷ, ಅಂದ್ರೆ ಆಗಿನ ಬೆಂಗಳೂರಿನ ಅರ್ಧದಷ್ಟು. ಅಷ್ಟು ಸಣ್ಣ ದೇಶ ಜಗತ್ತಿನ ಮುಂದೆ ಎದೆಯುಬ್ಬಿಸಿ ನಿಲ್ಲೋದು ಈ ಒಂದು ಆಟದಲ್ಲಿ. 1999ರ ಸೋಲಿನ ನಂತರ ಕೋಚ್ ಜಾನ್ ಹಾರ್ಟ್ ರಾಜೀನಾಮೆ ಕೊಟ್ಟರು. ಅದಾಗಿ ಸ್ವಲ್ಪ ದಿನಕ್ಕೆ ನಡೆದ ರೇಸ್‌ನಲ್ಲಿ, ಅವರಿಗೂ ಪಾಲಿದ್ದ ಒಂದು ಕುದುರೆಯನ್ನೂ ಜನ ಹೀಯಾಳಿಸಿದರು. ಕುದುರೆ ಏನು ಮಾಡಿತ್ತು ಪಾಪ!

ಈಗ 2007ಕ್ಕೆ ಬರೋಣ. ಕೋಚ್ ಗ್ರಹಾಂ ಹೆನ್ರಿ, ಹಿಂದೆ ಶಾಲಾ ಮುಖ್ಯೋಪಾಧ್ಯಾಯರಾಗಿದ್ದವರು. ನಾಯಕ ರಿಚಿ ಮೆಕಾ, ವಯಸ್ಸು 26. ದೈಹಿಕ ತಯಾರಿಯಲ್ಲಿ ಯಾವ ಕೊರತೆಯೂ ಇರಬಾರದು ಅಂತ, ಆ ವರ್ಷದ 'ಸೂಪರ್ 14' ಟೂರ್ನಿಯ ಮೊದಲ ಏಳು ಸುತ್ತುಗಳಿಂದ 22 ಪ್ರಮುಖ ಆಟಗಾರರನ್ನ ಹೊರಗಿಟ್ಟು ಬರೀ ದೇಹ ಗಟ್ಟಿ ಮಾಡಿಸಿದರು. ಕಾಲು, ಬೆನ್ನು, ಭುಜ, ಎಲ್ಲ ತಯಾರಾಯಿತು.

ಅಕ್ಟೋಬರ್ 6, ಕಾರ್ಡಿಫ್‌ನ ಮಿಲೇನಿಯಂ ಸ್ಟೇಡಿಯಂ. ಕ್ವಾರ್ಟರ್‌ಫೈನಲ್, ಎದುರಿಗೆ ಫ್ರಾನ್ಸ್. ಅರ್ಧ ಸಮಯಕ್ಕೆ ನ್ಯೂಜಿಲೆಂಡ್ 13–3ರಿಂದ ಮುಂದಿತ್ತು. ಎರಡನೇ ಅರ್ಧದಲ್ಲಿ ಫ್ರಾನ್ಸಿನ ಥಿಯೆರಿ ದ್ಯುಸೊತ್ವಾರ್ ಟ್ರೈ ಹೊಡೆದು ಸಮ ಮಾಡಿದರು. ನ್ಯೂಜಿಲೆಂಡ್ ಮತ್ತೆ 18–13ಕ್ಕೆ ಏರಿತು. ಕೊನೆಯ ಹನ್ನೊಂದು ನಿಮಿಷ ಉಳಿದಿರುವಾಗ ಫ್ರಾನ್ಸಿನ ಇನ್ನೊಂದು ಟ್ರೈ. ಅದಕ್ಕೆ ದಾರಿ ಮಾಡಿಕೊಟ್ಟ ಪಾಸ್ ಮುಂದಕ್ಕೆ ಹೋಗಿತ್ತು, ರೆಫರಿಗೆ ಕಾಣಲಿಲ್ಲ. 20–18. ಆ ಪಾಸ್ ಬಗ್ಗೆ ನ್ಯೂಜಿಲೆಂಡ್‌ನಲ್ಲಿ ಇವತ್ತಿಗೂ ಮಾತಾಡ್ತಾರೆ.

ಆದರೆ ನನಗೆ ಮುಖ್ಯ ಅನ್ನಿಸೋದು ಅದರ ನಂತರದ ಹತ್ತು ನಿಮಿಷ. ಬೇಕಿದ್ದದ್ದು ಎರಡಕ್ಕಿಂತ ಹೆಚ್ಚು ಅಂಕ. ಒಂದು ಡ್ರಾಪ್ ಗೋಲ್ ಸಾಕಿತ್ತು. ಒದೆತದಲ್ಲಿ ಪಳಗಿದ ಡ್ಯಾನ್ ಕಾರ್ಟರ್ ಗಾಯಗೊಂಡು ಹೊರಗೆ ಹೋಗಿದ್ದರು, ಅವರ ಬದಲಿಗೆ ಬಂದವರೂ ಗಾಯಗೊಂಡಿದ್ದರು, ನಿಜ. ಆದರೂ ಹತ್ತಿರದಿಂದ ಒದೆಯುವ ಜಾಗ ಮಾಡಿಕೊಳ್ಳೋ ಬದಲು, ತಂಡ ಮತ್ತೆ ಮತ್ತೆ ಗೋಡೆಗೆ ಹಣೆ ಚಚ್ಚಿದ ಹಾಗೆ ನೇರ ನುಗ್ಗಿತು, ಬಾರದ ಪೆನಾಲ್ಟಿಗೆ ಕಾಯಿತು. ಒಂದೇ ಒಂದು ಡ್ರಾಪ್ ಗೋಲ್ ಪ್ರಯತ್ನ ಬಂತು, ಅದೂ ತೀರಾ ದೂರದಿಂದ. ದ್ಯುಸೊತ್ವಾರ್ ಒಬ್ಬರೇ ಆ ದಿನ 38 ಟ್ಯಾಕಲ್ ಮಾಡಿದರು. ಕಾಲು ಗಟ್ಟಿ ಇದ್ದವರ ತಲೆ ಕೈಕೊಟ್ಟಿತ್ತು. ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಸೆಮಿಫೈನಲ್ ಕೂಡ ತಲುಪದೇ ಹೋದದ್ದು ಅದೇ ಮೊದಲು.

ಅದು ಹೇಗಿತ್ತು ಅಂತ ನಮಗೆ ಅಂದಾಜು ಮಾಡೋದು ಕಷ್ಟ ಅಲ್ಲ. ಅದೇ 2007ರ ಮಾರ್ಚ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ಇಲ್ಲಿ ಹೇಗಿತ್ತು, ನೆನಪು ಮಾಡಿಕೊಳ್ಳಿ.

ಎಲ್ಲರೂ ಹೆನ್ರಿ ತಲೆದಂಡ ಆಗುತ್ತೆ ಅಂದುಕೊಂಡರು. ಹಿಂದಿನ ಎರಡು ವಿಶ್ವಕಪ್‌ಗಳ ಕೋಚ್‌ಗಳೂ ಸೋತ ಮೇಲೆ ಉಳಿದಿರಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ಮಂಡಳಿ ಹೆನ್ರಿಯನ್ನೇ ಉಳಿಸಿಕೊಂಡಿತು. ಮೆಕಾ ನಾಯಕನಾಗಿಯೇ ಮುಂದುವರಿದರು. ಇದು ಸಣ್ಣ ಸಂಗತಿ ಅಲ್ಲ. ಸೋತವರನ್ನ ಕಳಿಸಿಬಿಟ್ಟರೆ ಅವರ ಜೊತೆ ಸೋಲಿನ ಪಾಠವೂ ಹೊರಟುಹೋಗುತ್ತೆ. ಹೊಸಬರು ಬಂದು ಅದೇ ಪಾಠ ಮೊದಲಿಂದ ಕಲೀಬೇಕು. ಈ ಸಲ ಕಾರ್ಡಿಫ್‌ನ ಗಾಯ ಇದ್ದವರೇ ಮುಂದಿನ ವಿಶ್ವಕಪ್‌ಗೆ ಹೋದರು.

ತಂಡದಲ್ಲಿ ಗಿಲ್ಬರ್ಟ್ ಇನೋಕಾ ಅನ್ನೋ ಮಾನಸಿಕ ಕೌಶಲದ ತರಬೇತುದಾರರು ಮೊದಲೇ ಇದ್ದರು. ಮುಂದೆ ಕೆರಿ ಎವನ್ಸ್ ಅನ್ನೋ ಮನೋವೈದ್ಯರೂ ಜೊತೆಯಾದರು. ಎವನ್ಸ್ ಹಿಂದೆ ನ್ಯೂಜಿಲೆಂಡ್ ಫುಟ್‌ಬಾಲ್ ತಂಡಕ್ಕೆ ಆಡಿದವರು, ಆಕ್ಸ್‌ಫರ್ಡ್‌ನಲ್ಲಿ ಓದಿದವರು. ಅವರ ವಿವರಣೆ ಸರಳ. ಒತ್ತಡ ಬಂದಾಗ ತಲೆ ಎರಡು ಸ್ಥಿತಿಗೆ ಹೋಗಬಹುದು. ಒಂದು ಕೆಂಪು: ಉಸಿರು ಬಿಗಿಯಾಗುತ್ತೆ, ದೃಷ್ಟಿ ಕಿರಿದಾಗುತ್ತೆ, 'ಸೋತರೆ ಏನು ಗತಿ' ಅನ್ನೋ ಯೋಚನೆ ಆವರಿಸುತ್ತೆ. ಇನ್ನೊಂದು ನೀಲಿ: ಸುತ್ತ ಏನಾಗ್ತಿದೆ ಅಂತ ಕಾಣುತ್ತೆ, ಮುಂದಿನ ಒಂದು ಕೆಲಸ ಏನು ಅನ್ನೋದು ಸ್ಪಷ್ಟವಾಗಿರುತ್ತೆ. ಕೆಂಪಿಗೆ ಹೋಗೋದು ತಪ್ಪಲ್ಲ, ಎಲ್ಲರೂ ಹೋಗ್ತಾರೆ. ಹೋಗಿದ್ದೀನಿ ಅಂತ ಗುರುತಿಸಿ ವಾಪಸ್ ಬರೋದನ್ನ ಅಭ್ಯಾಸ ಮಾಡಬೇಕು, ಅಷ್ಟೇ.

ಹಾಗಾಗಿ ಒಬ್ಬೊಬ್ಬರೂ ತಮ್ಮದೇ ಒಂದು ಉಪಾಯ ಮಾಡಿಕೊಂಡರು. ಮೆಕಾ ಪಾದವನ್ನ ನೆಲಕ್ಕೆ ಒತ್ತಿ ಬಡಿಯೋರು, ನಾನು ಇಲ್ಲಿದ್ದೀನಿ ಅಂತ ದೇಹಕ್ಕೆ ನೆನಪಿಸೋ ಹಾಗೆ. ಕೀರನ್ ರೀಡ್ ತಲೆಯೆತ್ತಿ ಸ್ಟೇಡಿಯಂನ ದೂರದ ಅಂಚು ನೋಡೋರು. ಬ್ರ್ಯಾಡ್ ಥಾರ್ನ್ ಮೈಮೇಲೆ ನೀರು ಸುರಿದುಕೊಳ್ಳೋರು. ಇದೇನು ಮಂತ್ರವಾ ಅಂತ ನಗಬಹುದು. ಆದರೆ ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ನೋಡಿ ತಲೆ ಖಾಲಿಯಾದ ಮಕ್ಕಳಿಗೆ, ಪೆನ್ ಕೆಳಗಿಟ್ಟು ಒಂದು ಗುಟುಕು ನೀರು ಕುಡಿ ಅಂತ ನಮ್ಮ ಮೇಷ್ಟ್ರುಗಳು ಹೇಳ್ತಿದ್ದದ್ದೂ ಇದನ್ನೇ ಅಲ್ವಾ?

ಇಲ್ಲಿ ಮೆಕಾ ಬಗ್ಗೆ ಸ್ವಲ್ಪ ಹೇಳಬೇಕು. ಸೌತ್ ಐಲೆಂಡ್‌ನ ಹಾಕಾಟರಾಮಿಯ ಕಣಿವೆಯ ರೈತರ ಮಗ. ಹದಿಹರೆಯದಲ್ಲಿ ಒಂದು ದಿನ ಟಿಮಾರು ಊರಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಅವರ ಮಾವ, ಆಲ್ ಬ್ಲ್ಯಾಕ್ ಆಗೋಕೆ ಯಾವ ಯಾವ ಮೆಟ್ಟಿಲು ಹತ್ತಬೇಕು ಅಂತ ಪೇಪರ್ ನ್ಯಾಪ್ಕಿನ್ ಮೇಲೆ ಬರೆಸಿದರು. ಕೊನೆಗೆ 'ಗ್ರೇಟ್ ಆಲ್ ಬ್ಲ್ಯಾಕ್' ಅಂತ ಸಹಿ ಹಾಕು ಅಂದರು. ಹುಡುಗನಿಗೆ ನಾಚಿಕೆ. ಪೂರ್ತಿ ಬರೆಯಲಾರದೆ 'ಜಿ.ಎ.ಬಿ.' ಅಂತಷ್ಟೇ ಬರೆದ. ಆ ಹುಡುಗ ಮುಂದೆ ದೇಶಕ್ಕೆ 148 ಟೆಸ್ಟ್ ಆಡಿದ, ಅದರಲ್ಲಿ 110 ನಾಯಕನಾಗಿ. ಈ ಕತೆಯನ್ನ ಸಾಮಾನ್ಯವಾಗಿ 'ದೊಡ್ಡ ಕನಸು ಕಾಣಿ' ಅಂತ ಹೇಳ್ತಾರೆ. ನನಗೆ ಕಾಣೋದು ಬೇರೆ. ಕನಸನ್ನ ಬಾಯಿಬಿಟ್ಟು ಹೇಳೋಕೂ ಸಂಕೋಚಪಡೋ ಸಮಾಜ ಅದು. ಕನಸಿಗೇ ಹೀಗಾದರೆ ಭಯದ ಮಾತು ಬಿಡಿ.

ಆ ಮೌನಕ್ಕೆ ಬೆಲೆ ಕೊಟ್ಟವರಿದ್ದಾರೆ. 1987ರ ವಿಶ್ವಕಪ್ ತಂಡದ ತಾರೆ ಜಾನ್ ಕರ್ವನ್. ಮೈದಾನದಲ್ಲಿ ಅವರನ್ನ ಹಿಡಿಯೋರೇ ಇರಲಿಲ್ಲ. ಆದರೆ ಆಡುವ ದಿನಗಳಲ್ಲೇ ಖಿನ್ನತೆ ಅವರನ್ನ ಹಿಡಿದಿತ್ತು. ಆಟ ಬಿಟ್ಟ ಮೇಲೆ ಅವರು ಅದನ್ನ ಬಹಿರಂಗವಾಗಿ ಹೇಳಿಕೊಂಡರು, ದೇಶದ ಖಿನ್ನತೆ ಜಾಗೃತಿ ಜಾಹೀರಾತುಗಳಲ್ಲಿ ತಾವೇ ಮುಖ ತೋರಿಸಿದರು. 2010ರಲ್ಲಿ ಪುಸ್ತಕ ಬರೆದರು, ಅದರ ಹೆಸರಿನ ಅರ್ಥ 'ಆಲ್ ಬ್ಲ್ಯಾಕ್‌ಗಳು ಅಳೋದಿಲ್ಲ'. ಅಳ್ತಾರೆ ಅಂತ ಹೇಳೋಕೇ ಆ ಪುಸ್ತಕ. ಗಂಡಸಾದವನು ನುಂಗಿಕೊಳ್ಳಬೇಕು ಅನ್ನೋ ಮಾತು ನ್ಯೂಜಿಲೆಂಡ್‌ಗೆ ಮಾತ್ರ ಸೇರಿದ್ದಲ್ಲ ಅಂತ ನಾನು ಬೇರೆ ಹೇಳಬೇಕಿಲ್ಲ.

2011. ವಿಶ್ವಕಪ್ ನ್ಯೂಜಿಲೆಂಡ್‌ನಲ್ಲೇ. ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ 185 ಜನ ಸತ್ತಿದ್ದರು, ಆ ನಗರದಲ್ಲಿ ನಡೆಯಬೇಕಿದ್ದ ಪಂದ್ಯಗಳು ಬೇರೆ ಊರಿಗೆ ಹೋದವು. ಟೂರ್ನಿಯ ನಡುವೆ ಕಾರ್ಟರ್ ಅಭ್ಯಾಸದಲ್ಲೇ ತೊಡೆಸಂದಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದರು. ಅವರ ಜಾಗಕ್ಕೆ ಬಂದ ಕಾಲಿನ್ ಸ್ಲೇಡ್ ಕ್ವಾರ್ಟರ್‌ಫೈನಲ್‌ನಲ್ಲಿ ಗಾಯಗೊಂಡರು. ಉಳಿದವರು ಆರನ್ ಕ್ರೂಡನ್. ಇನ್ನೊಬ್ಬರು ಬೇಕಲ್ಲ? ಕರೆ ಹೋದದ್ದು ಸ್ಟೀಫನ್ ಡೊನಾಲ್ಡ್‌ಗೆ.

ಡೊನಾಲ್ಡ್ ಅಂದ್ರೆ ಆಗ ಜನ ಮುಖ ಸಿಂಡರಿಸ್ತಿದ್ದರು. ಹಿಂದಿನ ವರ್ಷ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾ ಎದುರು 26–24ರಿಂದ ಸೋತ ಪಂದ್ಯಕ್ಕೆ ಅವರನ್ನೇ ಹೊಣೆ ಮಾಡಿ, ಪತ್ರಿಕೆ, ಟಿವಿ, ರೇಡಿಯೊ ಎಲ್ಲ ಕಡೆ ಜಾಡಿಸಿದ್ದರು. ವಿಶ್ವಕಪ್ ತಂಡದಲ್ಲಿ ಜಾಗ ಸಿಕ್ಕಿರಲಿಲ್ಲ. ಇಂಗ್ಲೆಂಡಿನ ಕ್ಲಬ್ ಒಂದಕ್ಕೆ ಹೊರಡೋ ತಯಾರಿಯಲ್ಲಿದ್ದರು. ವಿಶ್ವಕಪ್ ನಡೆಯುತ್ತಿದ್ದಾಗ ವೈಕಾಟೊ ನದಿಯಲ್ಲಿ ಬಲೆ ಹಾಕ್ಕೊಂಡು ವೈಟ್‌ಬೇಟ್ ಅನ್ನೋ ಸಣ್ಣ ಮೀನು ಹಿಡೀತಿದ್ದರು. ಅಲ್ಲಿಂದ ವಿಶ್ವಕಪ್‌ಗೆ ಕರೆ.

ಅಕ್ಟೋಬರ್ 23, ಈಡನ್ ಪಾರ್ಕ್, ಫೈನಲ್. ಎದುರಿಗೆ ಮತ್ತೆ ಫ್ರಾನ್ಸ್, ನಾಯಕ ಅದೇ ದ್ಯುಸೊತ್ವಾರ್. ಹಾಕಾ ನಡೆಯುವಾಗ ಫ್ರೆಂಚ್ ಆಟಗಾರರು ಬಾಣದ ಆಕಾರದಲ್ಲಿ ಕೈಕೈ ಹಿಡಿದು ಮುಂದೆ ಬಂದರು. ಟೋನಿ ವುಡ್‌ಕಾಕ್ ಟ್ರೈಯಿಂದ ನ್ಯೂಜಿಲೆಂಡ್ 5–0. ಆದರೆ ಒದೆಯಬೇಕಿದ್ದ ಪಿರಿ ವೀಪು ಮೂರು ಒದೆತ ತಪ್ಪಿಸಿದರು. ಅರ್ಧ ಸಮಯಕ್ಕೆ ಮುಂಚೆಯೇ ಕ್ರೂಡನ್ ಮೊಣಕಾಲಿಗೆ ಪೆಟ್ಟು. ಒಳಗೆ ಬಂದರು ಡೊನಾಲ್ಡ್, ಮೈಗೆ ಸಾಲದ ಬಿಗಿ ಜೆರ್ಸಿಯಲ್ಲಿ. ಎರಡನೇ ಅರ್ಧದ ಆರಂಭದಲ್ಲಿ ಪೆನಾಲ್ಟಿ ಸಿಕ್ಕಿತು. ಡೊನಾಲ್ಡ್ ಒದ್ದರು. ಚೆಂಡು ಬಲಗಂಬದ ಒಳಗಿಂದ ಹಾದುಹೋಯಿತು. 8–0. ಮರುಗಳಿಗೆಯಲ್ಲೇ ದ್ಯುಸೊತ್ವಾರ್ ಟ್ರೈ, ಅದರ ಒದೆತವೂ ಸರಿ. 8–7.

ಇನ್ನೂ ಅರ್ಧ ಗಂಟೆಗೂ ಹೆಚ್ಚು ಆಟ ಬಾಕಿ. ಅಂಕಪಟ್ಟಿ ಮತ್ತೆ ಬದಲಾಗಲೇ ಇಲ್ಲ. ಅಷ್ಟು ಹೊತ್ತು ಇಡೀ ದೇಶದ ತಲೆಯಲ್ಲಿ ಓಡಿದ್ದು ಕಾರ್ಡಿಫ್ ಒಂದೇ. ಮೈದಾನದಲ್ಲಿ ಮಾತ್ರ ಅಂಥ ಗಾಬರಿ ಕಾಣಲಿಲ್ಲ. ಕೊನೆಯ ನಿಮಿಷಗಳಲ್ಲಿ ಚೆಂಡನ್ನ ಕಾಪಾಡಿಕೊಂಡು ಆಟ ಮುಗಿಸಿದರು. ಮೆಕಾ ಆಗ ಪಾದದ ಮೂಳೆ ಮುರಿದುಕೊಂಡೇ ಆಡುತ್ತಿದ್ದರು. ತಿಳಿದರೆ ಆಡೋಕೆ ಬಿಡಲ್ಲ ಅಂತ ಟೂರ್ನಿ ಮುಗಿಯೋ ತನಕ ಸ್ಕ್ಯಾನ್‌ ಮಾಡಿಸಲೇ ಇಲ್ಲ. ಇದನ್ನ ಧೈರ್ಯ ಅಂತ ಹೊಗಳೋರೇ ಜಾಸ್ತಿ. ನಾನಂತೂ ಮಕ್ಕಳಿಗೆ ಮಾದರಿ ಅಂತ ಹೇಳಲ್ಲ. ಹಳೇ ಮೌನ ಪೂರ್ತಿ ಹೋಗಿರಲಿಲ್ಲ ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ಈಗ ಒಂದು ತಕರಾರು ನಾನೇ ಎತ್ತುತ್ತೀನಿ. ಆ ಅರ್ಧ ಗಂಟೆಯಲ್ಲಿ ಫ್ರಾನ್ಸಿಗೆ ದೂರದ ಒಂದು ಪೆನಾಲ್ಟಿ ಸಿಕ್ಕಿತ್ತು. ಟ್ರಿನ್-ದ್ಯುಕ್ ಒದ್ದದ್ದು ಗುರಿ ತಪ್ಪಿತು. ಅದು ಒಳಗೆ ಹೋಗಿದ್ದರೆ? ಫ್ರಾನ್ಸ್ 10–8. ಆಗ ಕೆಂಪು–ನೀಲಿ ಪಾಠದ ಬಗ್ಗೆ ಯಾರೂ ಪುಸ್ತಕ ಬರೀತಿರಲಿಲ್ಲ, ಮತ್ತೆ ಚೋಕರ್ಸ್ ಅಂತಿದ್ದರು. ಗೆದ್ದವರ ಮನೋಬಲದ ಕತೆಗಳನ್ನ ಓದುವಾಗ ಇದು ನೆನಪಿರಬೇಕು. ತಯಾರಿ ಗೆಲುವಿನ ಖಾತರಿ ಅಲ್ಲ. ಆದರೆ ಎರಡು ಪಂದ್ಯಗಳ ಕೊನೆಯ ಹೊತ್ತನ್ನ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಫಲಿತಾಂಶ ಮುಚ್ಚಿಟ್ಟರೂ ವ್ಯತ್ಯಾಸ ಕಾಣುತ್ತೆ. ಒಂದರಲ್ಲಿ ಮುಂದೇನು ಅಂತ ತೋಚದ ತಂಡ. ಇನ್ನೊಂದರಲ್ಲಿ ಮುಂದಿನ ಒಂದು ಕೆಲಸ ಮಾತ್ರ ಮಾಡ್ತಿರೋ ತಂಡ.

2015ರ ಅಕ್ಟೋಬರ್‌ನಲ್ಲಿ ಮತ್ತೆ ಕಾರ್ಡಿಫ್, ಮತ್ತೆ ಕ್ವಾರ್ಟರ್‌ಫೈನಲ್, ಮತ್ತೆ ಫ್ರಾನ್ಸ್. ಈ ಸಲ 62–13. ಎರಡು ವಾರದ ನಂತರ ಲಂಡನ್‌ನಲ್ಲಿ ಆಸ್ಟ್ರೇಲಿಯಾವನ್ನ ಸೋಲಿಸಿ ಸತತ ಎರಡನೇ ವಿಶ್ವಕಪ್. ಅದೇ ಮೆಕಾ ಅವರ ಕೊನೆಯ ಪಂದ್ಯವೂ ಆಯಿತು.

ಕೊನೆಗೆ ನನ್ನ ಮನಸ್ಸು ಹೋಗೋದು ಡೊನಾಲ್ಡ್ ಕಡೆಗೆ. ಅವರ ಮೇಲಿದ್ದ ಸಿಟ್ಟಿನಲ್ಲಿ ದೇಶಕ್ಕೆ ದೇಶವೇ ಒಂದಾಗಿತ್ತು, ಒಂದು ಒದೆತ ಗುರಿ ಮುಟ್ಟಿದ್ದಕ್ಕೆ ಪ್ರೀತಿಯಲ್ಲೂ ಒಂದಾಯಿತು. 2014ರಲ್ಲಿ ಅವರ ಮೇಲೆ ಟಿವಿ ಚಿತ್ರವೇ ಬಂತು. ಹಾಂಗ್‌ಕಾಂಗ್‌ನಲ್ಲಿ ಎಡವಿದವರೂ, ಆಕ್ಲೆಂಡ್‌ನಲ್ಲಿ ಗೆಲ್ಲಿಸಿದವರೂ ಒಬ್ಬರೇ ಅಲ್ವಾ? ಆಟಗಾರರ ಮನಸ್ಸಿನ ತರಬೇತಿ ಬಗ್ಗೆ ಇಷ್ಟೊತ್ತು ಮಾತಾಡಿದ್ವಿ. ನೋಡೋರ ಮನಸ್ಸಿಗೂ ಸ್ವಲ್ಪ ತರಬೇತಿ ಬೇಕೇನೋ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಆಟದ ಇನ್ನೊಂದು ಕತೆ ಜೊತೆ ಸಿಗೋಣ.