ನೆಲದ ಎತ್ತರ, ನೆಲದ ಮೈ: ನಂದಿ ಸಾಲಿನ ಬೆಟ್ಟಗಳು ಮತ್ತು ವಿಡಿಯೋ ಗೇಮ್ ಭೂದೃಶ್ಯದ ಇತಿಹಾಸ

ವಿಡಿಯೋ ಗೇಮ್‌ನಲ್ಲಿ ವಿಶಾಲವಾದ ಭೂಪ್ರದೇಶವೊಂದನ್ನು ಕಟ್ಟಲು ಎರಡು ಬಗೆಯ ಮಾಹಿತಿ ಬೇಕು. ನೆಲ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರವಿದೆ ಎಂಬುದು ಒಂದು. ಆ ನೆಲದ ಮೇಲೆ ಬಂಡೆಯಿದೆಯೋ, ಮಣ್ಣಿದೆಯೋ, ಹುಲ್ಲಿದೆಯೋ, ಹಿಮವಿದೆಯೋ ಎಂಬುದು ಇನ್ನೊಂದು. ಗೇಮ್ ಕಲಾವಿದರ ಮಾತಿನಲ್ಲಿ ಮೊದಲನೆಯದು ಹೈಟ್‌ಮ್ಯಾಪ್, ಎರಡನೆಯದು ಟೆಕ್ಸ್ಚರ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಬೆಟ್ಟಗಳ ಮಟ್ಟಿಗೆ ಎತ್ತರದ ದಾಖಲೆ ಈಗಾಗಲೇ ಕೈಗೆ ಸಿಗುವಂತಿದೆ. ಮೈಯ ದಾಖಲೆಯನ್ನು ಮಾತ್ರ ನೆಲದ ಮೇಲೆ ನಿಂತೇ ಮಾಡಬೇಕು. ಅದನ್ನು ಹೇಗೆ ಮಾಡಬೇಕೆಂಬುದಕ್ಕೆ ಹಿಮದ ಟೆಕ್ಸ್ಚರ್‌ನ ಇತಿಹಾಸ ದಾರಿ ತೋರಿಸುತ್ತದೆ ಎಂಬುದು ಈ ಲೇಖನದ ವಾದ.

1. ಒಂದೇ ಸೀಮೆ, ಎರಡು ಸರ್ವೆ

1791ರ ಅಕ್ಟೋಬರ್‌ನಲ್ಲಿ ನಂದಿ ಬೆಟ್ಟದ ಕೋಟೆ ನಂದಿದುರ್ಗ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆಯ ವಶವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಎರಡು ದಿಕ್ಕಿನಿಂದ ಶುರುವಾಯಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ. 1804ರಲ್ಲಿ ಅಲ್ಲಿಯೇ ನಡೆದ ಇನ್ನೊಂದು ರೇಖೆಯ ಅಳತೆಯಿಂದ ಅವನ ಲೆಕ್ಕದ ಪರಿಶೀಲನೆಯಾಯಿತು. ದೂರಕ್ಕೆ ಕಾಣುವ ನೆತ್ತಿಗಳನ್ನು ತ್ರಿಕೋನಗಳಿಂದ ಜೋಡಿಸುತ್ತ ಹೋಗುವುದು ಅವನ ಕ್ರಮ. ಅವನಿಗೆ ಬೆಟ್ಟವೆಂದರೆ ಸ್ಥಾನ ನಿಖರವಾಗಿ ಗೊತ್ತಿರುವ ಒಂದು ಬಿಂದು.

ಅದೇ ಹೊತ್ತಿಗೆ ಕಾಲಿನ್ ಮೆಕೆಂಝಿಯ ಮೈಸೂರು ಸರ್ವೆಯೂ ಆರಂಭವಾಯಿತು. ಸುಮಾರು 40,000 ಚದರ ಮೈಲಿಯ ಆ ಸರ್ವೆ ನಕ್ಷೆಗಷ್ಟೇ ನಿಲ್ಲದೆ ಹಳ್ಳಿ, ಕೆರೆ, ಮಣ್ಣು, ಬೆಳೆಗಳ ವಿವರವನ್ನೂ ಕಲೆಹಾಕಿತು. ಲ್ಯಾಂಬ್ಟನ್ ಬಿಂದುಗಳನ್ನು ಕೊಟ್ಟರೆ, ಬಿಂದುಗಳ ನಡುವಿನ ನೆಲ ಏನನ್ನು ಹೊದ್ದಿದೆ ಎಂಬುದನ್ನು ಮೆಕೆಂಝಿಯ ಸಿಬ್ಬಂದಿ ಕೊಟ್ಟರು. ಇಂದಿನ ಗೇಮ್ ಸ್ಟುಡಿಯೋಗಳಲ್ಲಿ ಹೈಟ್‌ಮ್ಯಾಪ್‌ಗೂ ಟೆಕ್ಸ್ಚರ್‌ಗೂ ನಡುವೆ ಇರುವ ಕೆಲಸದ ಹಂಚಿಕೆ ಇದೇ ಬಗೆಯದು.

2. ರೇಖೆಯಿಂದ ಜಾಲರಿಗೆ

ಸರ್ವೆ ಆಫ್ ಇಂಡಿಯಾದ ಶೀಟುಗಳಲ್ಲಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳು 57ಜಿ ಚೌಕದಲ್ಲಿಯೂ ಚಿಂತಾಮಣಿ ಪಕ್ಕದ 57ಕೆ ಚೌಕದಲ್ಲಿಯೂ ಬರುತ್ತವೆ. ಅಲ್ಲಿ ಎತ್ತರವನ್ನು ಹೇಳುವುದು ಸಮೋನ್ನತ ರೇಖೆಗಳು. ಕಂಪ್ಯೂಟರಿಗೆ ಒಗ್ಗುವುದು ರೇಖೆಗಿಂತ ಜಾಲರಿ: ಸಮಾನ ಅಂತರದ ಚುಕ್ಕಿಗಳು, ಚುಕ್ಕಿಗೊಂದು ಎತ್ತರ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ರಾಡಾರ್ ಯಾನದಲ್ಲಿ ಭೂಮಿಯ ಬಹುಭಾಗಕ್ಕೆ ಇಂಥ ಜಾಲರಿಯನ್ನು ಸಿದ್ಧಪಡಿಸಿತು. 2005ರ ಮೇ 5ರಂದು ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹ ಒಂದೇ ನೆಲವನ್ನು ಎರಡು ಕೋನಗಳಿಂದ ಚಿತ್ರಿಸಿತು. ಆ ಜೋಡಿ ಚಿತ್ರಗಳಿಂದ ಕಾರ್ಟೋಡೆಮ್ ಎಂಬ ಎತ್ತರದ ದತ್ತಾಂಶ ರೂಪುಗೊಂಡು, 2009ರಲ್ಲಿ ಆರಂಭವಾದ ಭುವನ್ ತಾಣದ ಮೂಲಕ ಸಾರ್ವಜನಿಕರಿಗೂ ದೊರೆಯಿತು.

ಈ ಜಾಲರಿಗಳಿಗೆ ಮಿತಿಯಿದೆ. ರಾಡಾರ್ ದತ್ತಾಂಶ ನಮ್ಮ ಭಾಗಕ್ಕೆ ಮೊದಲು ದೊರೆತದ್ದು ಸುಮಾರು 90 ಮೀಟರ್ ಅಂತರದಲ್ಲಿ. ಎಂದರೆ ಕಿಲೋಮೀಟರಿಗೆ ಹನ್ನೊಂದು ಚುಕ್ಕಿ. ಎರಡು ಚುಕ್ಕಿಗಳ ನಡುವೆ ಕಡಿದಾಗಿ ಇಳಿಯುವ ನಂದಿಯ ಬಂಡೆಗೋಡೆ ಅದರಲ್ಲಿ ಸಾಧಾರಣ ಇಳಿಜಾರಾಗಿಬಿಡುತ್ತದೆ. 1,478 ಮೀಟರಿನ ನೆತ್ತಿ ಉಳಿದರೂ ಬೆಟ್ಟದ ಗಡಸು ಮಾಯವಾಗುತ್ತದೆ. ಹೀಗೆ ಕಳೆದುಹೋದದ್ದನ್ನು ಕಣ್ಣಿಗೆ ಮರಳಿ ತಂದುಕೊಡುವುದೇ ಟೆಕ್ಸ್ಚರ್‌ನ ಕೆಲಸ.

3. ಬೆಟ್ಟಕ್ಕೆ ಮೈ ಬಂದ ಬಗೆ

ಬೋಯಿಂಗ್ ಕಂಪನಿಯಲ್ಲಿದ್ದ ಲೋರೆನ್ ಕಾರ್ಪೆಂಟರ್ 1980ರಲ್ಲಿ ಫ್ರ್ಯಾಕ್ಟಲ್ ಗಣಿತದಿಂದ ಪರ್ವತಗಳನ್ನು ಕಟ್ಟಿದ ಕಿರುಚಿತ್ರ ತೋರಿಸಿದರು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ಗಣಿತಕ್ರಮ, ಕಲ್ಲಿನ ಹರಳು, ಮಣ್ಣಿನ ಕಲೆಗಳಂಥ ಏರುಪೇರನ್ನು ಚಿತ್ರ ಬಿಡಿಸದೆಯೇ ಲೆಕ್ಕದಿಂದ ಹುಟ್ಟಿಸಿತು. 2000ದಲ್ಲಿ ಚಾರ್ಲ್ಸ್ ಬ್ಲೂಮ್ ವಿವರಿಸಿದ ಸ್ಪ್ಲ್ಯಾಟಿಂಗ್ ಕ್ರಮದಲ್ಲಿ ಹುಲ್ಲು, ಮಣ್ಣು, ಬಂಡೆಯ ಕೆಲವೇ ಚಿತ್ರಗಳನ್ನು ಎಲ್ಲಿ ಎಷ್ಟು ಬೆರೆಸಬೇಕೆಂದು ಇನ್ನೊಂದು ಪದರ ಹೇಳುತ್ತದೆ. 2007ರ 'ಎನಿಮಿ ಟೆರಿಟರಿ: ಕ್ವೇಕ್ ವಾರ್ಸ್' ಇದಕ್ಕೆ ತದ್ವಿರುದ್ಧವಾಗಿ ಇಡೀ ರಣರಂಗಕ್ಕೆ 32,768 ಪಿಕ್ಸೆಲ್ ಅಗಲದ ಒಂದೇ ಮಹಾಚಿತ್ರವನ್ನು ಹೊದಿಸಿತು.

ಕಡಿದಾದ ಬಂಡೆಗಳೇ ಇಲ್ಲಿ ದೊಡ್ಡ ತೊಡಕು. ಚಿತ್ರವನ್ನು ಮೇಲಿನಿಂದ ನೇರವಾಗಿ ಹೊದಿಸಿದರೆ 60 ಡಿಗ್ರಿ ಇಳಿಜಾರಿನಲ್ಲಿ ಅದು ಎರಡು ಪಟ್ಟು ಹಿಗ್ಗುತ್ತದೆ, 80 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು. ಆದ್ದರಿಂದ ಮೂರು ದಿಕ್ಕುಗಳಿಂದ ಚಿತ್ರವನ್ನು ಹೊದಿಸಿ, ಮೈ ಯಾವ ಕಡೆ ಮುಖ ಮಾಡಿದೆಯೋ ಅದಕ್ಕೆ ತಕ್ಕಂತೆ ಬೆರೆಸುವ ತ್ರಿಮುಖ ಕ್ರಮ ಬಳಕೆಗೆ ಬಂತು.

4. ಹಿಮ ಕಲಿಸಿದ ಪಾಠ

ಹಿಮವನ್ನು ಬಿಳಿ ಬಣ್ಣವೆಂದು ಬಳಿದರೆ ಅದು ಸುಣ್ಣದಂತೆ ಕಾಣುತ್ತದೆ. ಅದು ಮೇಲ್ಮುಖದ ಮೈಯಲ್ಲಿ ನಿಲ್ಲುತ್ತದೆ, ಕಡಿದಾದಲ್ಲಿ ಜಾರುತ್ತದೆ, ಚಾಚುಬಂಡೆಯ ಅಡಿಗೆ ಸೇರುವುದಿಲ್ಲ. ಪಾಲ್ ಫಿಯರಿಂಗ್ 2000ದಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಗುಣಗಳು ಲೆಕ್ಕಕ್ಕೆ ಇಳಿದವು. ಆಕಾಶದಿಂದ ಕಣಗಳನ್ನು ಬೀಳಿಸುವ ಬದಲು ಆತ ನೆಲದಿಂದಲೇ ಅವನ್ನು ಆಕಾಶದ ಕಡೆಗೆ ಹಾರಿಸಿದ. ಯಾವ ಜಾಗದ ಕಣಗಳು ಅಡೆತಡೆಯಿಲ್ಲದೆ ಆಕಾಶ ಮುಟ್ಟುತ್ತವೆಯೋ ಅಲ್ಲಿ ಹಿಮ ಹೆಚ್ಚು. ತೂಕ ತಾಳದ ರಾಶಿ ಕೆಳಗೆ ಜಾರಬೇಕು.

ಮುಂದಿನ ಸಮಸ್ಯೆ ಹೆಜ್ಜೆಗುರುತು. 2013ರ 'ಬ್ಯಾಟ್‌ಮ್ಯಾನ್: ಆರ್ಕಮ್ ಒರಿಜಿನ್ಸ್'ನಲ್ಲಿ ನೆಲದಡಿ ಮೇಲ್ಮುಖವಾಗಿ ಇಟ್ಟ ಕಾಲ್ಪನಿಕ ಕ್ಯಾಮೆರಾ ಪಾತ್ರದ ಪಾದವನ್ನು ಹಿಡಿಯುತ್ತಿತ್ತು, ಪಾದ ತಗುಲಿದಲ್ಲಿ ಹಿಮ ತಗ್ಗುತ್ತಿತ್ತು. 2015ರ 'ರೈಸ್ ಆಫ್ ದಿ ಟೂಂಬ್ ರೈಡರ್'ನಲ್ಲಿ ತಗ್ಗಿನ ಅಂಚಿನಲ್ಲಿ ಹಿಮ ಉಬ್ಬುವುದೂ ಸೇರಿತು.

5. ಹಿಮ ಬೀಳದ ಸೀಮೆಗೆ

ಈ ವಿದ್ಯೆಯ ಸಾರ ಬಿಳುಪಿನಲ್ಲಿಲ್ಲ. ಒಂದು ವಸ್ತು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬ ನಿಯಮದಲ್ಲಿದೆ. ಶಿಡ್ಲಘಟ್ಟದ ಮಣ್ಣುದಾರಿಯ ಬದಿಯ ಹಿಪ್ಪುನೇರಳೆ ತೋಟವನ್ನು ನೋಡಿ: ಕೆಂಧೂಳು ಎಲೆಯ ಮೇಲ್ಭಾಗದಲ್ಲಿ ಕೂರುತ್ತದೆ, ಅಡಿಭಾಗ ಹಸಿರಾಗಿಯೇ ಇರುತ್ತದೆ, ದಾರಿಯಿಂದ ದೂರವಾದಂತೆ ಧೂಳು ತೆಳುವಾಗುತ್ತದೆ. ಹಿಮದ ಲೆಕ್ಕದಲ್ಲಿ ಬಣ್ಣ ಬದಲಿಸಿ, ದಾರಿಯಿಂದ ದೂರವೆಂಬ ಒಂದು ಅಳತೆ ಸೇರಿಸಿದರೆ ಈ ಧೂಳು ಸಿಗುತ್ತದೆ.

ಗ್ರಾನೈಟಿಗೆ ಬೇರೆಯೇ ನಿಯಮಗಳಿವೆ. ನಂದಿ, ಸ್ಕಂದಗಿರಿ, ಚಿಂತಾಮಣಿ ಬಳಿಯ ಅಂಬಾಜಿದುರ್ಗದಂಥ ಬೆಟ್ಟಗಳ ಬಂಡೆ ಈರುಳ್ಳಿಯ ಹಾಗೆ ಪದರಪದರವಾಗಿ ಸಿಪ್ಪೆ ಬಿಡುತ್ತದೆ. ಮಳೆನೀರು ಇಳಿಯುವ ಜಾಡಿನಲ್ಲಿ ಕಪ್ಪು ಪಟ್ಟೆಗಳು ಮೂಡುತ್ತವೆ. ಹಾಸುಬಂಡೆಯ ತಗ್ಗಿನಲ್ಲಿ ದೊಣೆ, ದೊಣೆಯ ಅಂಚಿನಲ್ಲಿ ಹುಲ್ಲು, ಬಿರುಕಿನಲ್ಲಿ ಬೇರೂರಿದ ಗಿಡ. ಕಪ್ಪು ಪಟ್ಟೆ ಎತ್ತರವನ್ನು ಅನುಸರಿಸುವುದಿಲ್ಲ, ನೀರಿನ ಹರಿವನ್ನು ಅನುಸರಿಸುತ್ತದೆ. ಆಲ್ಪ್ಸ್‌ನ ಬಂಡೆಚಿತ್ರವನ್ನು ನಂದಿಯ ಹೈಟ್‌ಮ್ಯಾಪ್‌ಗೆ ಹೊದಿಸಿದರೆ ಎತ್ತರ ಸರಿಯಿದ್ದರೂ ಅದು ನಂದಿಯಾಗದು.

ಈ ಕೆಲಸಕ್ಕೆ ಬೇಕಾದ ಕೌಶಲ ದೂರದಲ್ಲಿಲ್ಲ. 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್, ಬೆಂಗಳೂರಿನಲ್ಲಿದ್ದುಕೊಂಡೇ ಹೊರದೇಶದ ಗೇಮ್‌ಗಳಿಗೆ ಕಲಾಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಗೇಮ್ ಕಂಪನಿ ರಾಕ್‌ಸ್ಟಾರ್ ಖರೀದಿಸಿತು. ಲೋಕದ ಗೇಮ್‌ಗಳಿಗೆ ಕೈಕೆಲಸ ಒದಗಿಸುವ ಊರಿನಿಂದ ಚಿಕ್ಕಬಳ್ಳಾಪುರ 60 ಕಿಲೋಮೀಟರ್ ಆಸುಪಾಸಿನಲ್ಲಿದೆ.

6. ಉಪಸಂಹಾರ

ಈ ದಾಖಲಾತಿಗೆ ತುರ್ತು ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಬೆಟ್ಟಗಳನ್ನು ಕ್ವಾರಿಗಳು ಕಡಿಯುತ್ತಿವೆ. ಆಮೇಲೆ ಕಡಿದುಹೋದ ಬೆಟ್ಟದ ಸ್ಥೂಲ ಆಕಾರವಾದರೂ 2000ದ ರಾಡಾರ್ ಜಾಲರಿಯಲ್ಲಿ ಉಳಿದಿರುತ್ತದೆ. ಆ ಮಟ್ಟಿಗೆ ಅದೀಗ ಚಾರಿತ್ರಿಕ ದಾಖಲೆ. ಅದರ ಪದರ, ಪಟ್ಟೆ, ದೊಣೆಗಳು ಉಳಿಯುವುದಿಲ್ಲ. ಒಂದು ಬಂಡೆಯನ್ನು ಸುತ್ತಲಿಂದಲೂ ಒಂದರ ಮೇಲೊಂದು ಹಾಯುವಂತೆ ಫೋಟೋ ತೆಗೆದರೆ ಅದರ ಮೈಯನ್ನು ಮೂರು ಆಯಾಮದಲ್ಲಿ ಮರುಕಟ್ಟಬಹುದು; ಮೋಡದ ದಿನದ ನೆರಳಿಲ್ಲದ ಬೆಳಕು ಅದಕ್ಕೆ ಒಳ್ಳೆಯದು. ನಾಲ್ಕೂ ತಾಲ್ಲೂಕುಗಳ ಕಾಲೇಜುಗಳು ತಮ್ಮ ಸುತ್ತಣ ಬಂಡೆ, ಮಣ್ಣು, ಕೆರೆಯಂಗಳಗಳನ್ನು ಹೀಗೆ ದಾಖಲಿಸಿ ಎಲ್ಲರಿಗೂ ಮುಕ್ತವಾಗಿ ಒದಗಿಸಿದರೆ, ಮೆಕೆಂಝಿಯ ಸರ್ವೆ ತನ್ನ ಕಾಲದಲ್ಲಿ ಅಧಿಕಾರಕ್ಕಾಗಿ ಮಾಡಿದ್ದನ್ನು ಈ ಸೀಮೆಯ ಜನ ತಮಗಾಗಿ ಮಾಡಿಕೊಂಡಂತಾಗುತ್ತದೆ. ಗೇಮ್ ಕಲಾವಿದರಿಗೂ ಭೂವಿಜ್ಞಾನಿಗಳಿಗೂ ಊರಿನ ಇತಿಹಾಸ ಬರೆಯುವವರಿಗೂ ಅದು ಸಮಾನ ಆಕರವಾಗುತ್ತದೆ.