ಚಿಕಿತ್ಸೆಗಾಗಿ ಬೇರೆ ಊರಿನಲ್ಲಿ ನಾಲ್ಕು ತಿಂಗಳು: ಹೊರಡುವ ಮುನ್ನ ಮಾಡಬೇಕಾದ ಲೆಕ್ಕ



ಅಮೆರಿಕದಲ್ಲಿ ನೆಲೆಸಿರುವ ನಮ್ಮಲ್ಲಿ ಬಹಳಷ್ಟು ಜನ ಸಣ್ಣ, ಮಧ್ಯಮ ಊರುಗಳಲ್ಲಿದ್ದೇವೆ. ಸಾಮಾನ್ಯ ಕಾಯಿಲೆಗಳಿಗೆ ಊರಿನ ಆಸ್ಪತ್ರೆ ಧಾರಾಳವಾಗಿ ಸಾಕು. ಆದರೆ ರಕ್ತದ ಕ್ಯಾನ್ಸರ್, ಅಂಗಾಂಗ ಕಸಿ, ಮಕ್ಕಳ ಹೃದಯದ ದೊಡ್ಡ ಶಸ್ತ್ರಚಿಕಿತ್ಸೆ ಇಂಥವು ಬಂದಾಗ ಹ್ಯೂಸ್ಟನ್, ಸಿಯಾಟಲ್, ಬಾಸ್ಟನ್, ರಾಚೆಸ್ಟರ್ ಎಂದು ಹೊರಡಬೇಕಾಗುತ್ತದೆ. ಹೋಗುವುದು ಎರಡು ದಿನಕ್ಕಲ್ಲ, ತಿಂಗಳುಗಟ್ಟಲೆ. ಆ ಸಿದ್ಧತೆಯ ಬಗ್ಗೆ ಈ ಲೇಖನ. ಉದಾಹರಣೆಗೆ ಅಸ್ಥಿಮಜ್ಜೆ ಕಸಿಯನ್ನು, ಅಂದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟನ್ನು ತೆಗೆದುಕೊಂಡಿದ್ದೇನೆ. ಇದಕ್ಕೆ ಸರಿಯಾಗಿ ಯೋಜನೆ ಹಾಕಿದವರಿಗೆ ಉಳಿದವು ಸುಲಭ. ನಾನು ವೈದ್ಯನೂ ಅಲ್ಲ, ವಕೀಲನೂ ಅಲ್ಲ. ನಿಮ್ಮ ಪರಿಸ್ಥಿತಿಗೆ ನಿಮ್ಮ ಡಾಕ್ಟರು ಮತ್ತು ಇಮಿಗ್ರೇಶನ್ ವಕೀಲರ ಮಾತೇ ಕೊನೆ.

ಮೊದಲು ಅವಧಿ. ಈ ಚಿಕಿತ್ಸೆಗೆ ಭದ್ರ ಬುನಾದಿ ಹಾಕಿದ್ದು ಸಿಯಾಟಲ್‌ನ ಡಾ. ಡೊನಾಲ್ ಥಾಮಸ್. ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ರೋಗಿಯ ಸ್ವಂತ ಕೋಶಗಳನ್ನೇ ತೆಗೆದು ಮತ್ತೆ ಕೊಡುವ ವಿಧಾನದಲ್ಲಿ ವಾಸ ಸ್ವಲ್ಪ ಕಡಿಮೆ. ಬೇರೊಬ್ಬ ದಾನಿಯ ಕೋಶಗಳಾದರೆ ಹೀಗೆ ಸಾಗುತ್ತದೆ: ಮೊದಲು ಒಂದೆರಡು ವಾರ ಪರೀಕ್ಷೆಗಳು, ನಂತರ ಸಾಮಾನ್ಯವಾಗಿ ಮೂರು ನಾಲ್ಕು ವಾರ ಆಸ್ಪತ್ರೆಯೊಳಗೆ, ಆಮೇಲೆ ಕಸಿಯಾದ ದಿನದಿಂದ ಸುಮಾರು 100ನೇ ದಿನದವರೆಗೆ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆಯಲ್ಲಿ ವಾಸ. ಎಷ್ಟು ಹತ್ತಿರ ಎಂದರೆ, ಬಹಳ ಕಡೆ 30 ನಿಮಿಷ ಅಥವಾ ಒಂದು ಗಂಟೆಯ ಡ್ರೈವ್ ಒಳಗೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಕ್ಷಣವೇ ಫೋನ್ ಮಾಡಿ ಹೊರಡಬೇಕು. ಒಟ್ಟು ನಾಲ್ಕು ತಿಂಗಳು ಎಂದು ಹಿಡಿಯಿರಿ. ದಾನಿಯ ತಪಾಸಣೆ ತಡವಾಯಿತು, ರೋಗಿಗೆ ಸಣ್ಣ ಸೋಂಕು ಬಂತು ಎಂದು ದಿನಾಂಕ ಮುಂದೆ ಹೋಗುವುದು ತೀರಾ ಸಾಮಾನ್ಯ.

ಯೋಜನೆ ರೋಗಿಯ ಸುತ್ತ ಅಲ್ಲ

ಇದು ಕೇಳಲು ವಿಚಿತ್ರ ಎನಿಸಬಹುದು. ಆದರೆ ರೋಗಿಯನ್ನು ನೋಡಿಕೊಳ್ಳಲು ನರ್ಸು, ಡಾಕ್ಟರು, ಫಾರ್ಮಸಿಸ್ಟ್ ಎಲ್ಲರೂ ಇರುತ್ತಾರೆ. ಜೊತೆಗಿರುವ ಆ ಇನ್ನೊಬ್ಬರನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಕಸಿ ಕೇಂದ್ರಗಳು ದಿನದ 24 ಗಂಟೆಯೂ ಜೊತೆಗಿರುವ ಒಬ್ಬ ವಯಸ್ಕ ಕೇರ್‌ಗಿವರ್ ಬೇಕೆಂದು ಕೇಳುತ್ತವೆ. ಹೆಸರು ಕೊಡದಿದ್ದರೆ ದಿನಾಂಕವನ್ನೇ ಕೊಡುವುದಿಲ್ಲ. ಆತ ಅಥವಾ ಆಕೆ ಮಾಡಬೇಕಾದ ಕೆಲಸ ನೋಡಿ: ದಿನಕ್ಕೆ ಇಪ್ಪತ್ತರ ಹತ್ತಿರ ಮಾತ್ರೆಗಳ ವೇಳಾಪಟ್ಟಿ, ಎದೆಯ ಬಳಿ ಇಟ್ಟಿರುವ ಕ್ಯಾಥೆಟರ್ ಟ್ಯೂಬನ್ನು ಶುಚಿಯಾಗಿಡುವುದು, ಅಡುಗೆ, ಬಟ್ಟೆ, ವಾರಕ್ಕೆ ಹಲವು ಸಲ ಕ್ಲಿನಿಕ್ಕಿಗೆ ಕಾರು ಓಡಿಸುವುದು, ಮಧ್ಯರಾತ್ರಿ ಫೋನಿನಲ್ಲಿ ನರ್ಸಿಗೆ ರೋಗಲಕ್ಷಣ ವಿವರಿಸುವುದು.

ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ 'ಊರಿಂದ ಅಮ್ಮ ಬರ್ತಾರೆ' ಎಂಬುದು. ಅಮ್ಮ ಬರಲಿ, ಅವರಿದ್ದರೆ ಮನೆ ಮನೆಯಂತಿರುತ್ತದೆ. ಆದರೆ ಕಾರು ಓಡಿಸದ, ಇಂಗ್ಲಿಷಿನಲ್ಲಿ ಫೋನ್ ಮಾಡಲು ಹಿಂಜರಿಯುವ, ತಮಗೇ ಬಿ.ಪಿ., ಶುಗರ್ ಇರುವ ಅರವತ್ತೈದರ ಅಮ್ಮನನ್ನು ಏಕೈಕ ಕೇರ್‌ಗಿವರ್ ಎಂದು ಆಸ್ಪತ್ರೆ ಒಪ್ಪುವುದು ಕಷ್ಟ, ಒಪ್ಪಬಾರದು ಕೂಡ. ಎಲ್ಲವೂ ಒಂದೇ ಸರ್ವರ್ ಮೇಲೆ ನಿಂತ ಸಿಸ್ಟಮ್ ಯಾವತ್ತೋ ಒಂದು ದಿನ ಬೀಳುತ್ತದೆ ಎಂದು ನನ್ನ ಕಸುಬಿನವರಿಗೆ ಹೇಳಬೇಕಾಗಿಲ್ಲ. ಕೇರ್‌ಗಿವರ್‌ಗೆ ಫ್ಲೂ ಬಂದರೆ ಅವರು ಅದೇ ದಿನ ಆ ಮನೆಯಿಂದ ಹೊರಗಿರಬೇಕಾಗುತ್ತದೆ. ಆಗ ಬರುವವರು ಯಾರು? ಆ ಹೆಸರು, ಫೋನ್ ನಂಬರ್ ಹೊರಡುವ ಮೊದಲೇ ಕಾಗದದ ಮೇಲಿರಬೇಕು. ನನ್ನ ಅಭಿಪ್ರಾಯದಲ್ಲಿ ಕನಿಷ್ಠ ಮೂರು ಜನ ಬೇಕು: ಇಬ್ಬರು ಸರದಿಯಲ್ಲಿ, ಒಬ್ಬರು ತುರ್ತಿಗೆ. ಮೂವರೂ ಆಸ್ಪತ್ರೆಯ ಕೇರ್‌ಗಿವರ್ ತರಬೇತಿ ಪಡೆದಿರಲಿ, ಮೂವರೂ ಫ್ಲೂ ಮತ್ತು ಕೋವಿಡ್ ಲಸಿಕೆ ಹಾಕಿಸಿಕೊಂಡಿರಲಿ.

ರಜೆ, ವೀಸಾ, ಇನ್ಷೂರೆನ್ಸ್

ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಆಕ್ಟ್ 1993ರ ಕಾನೂನು. ಎಲ್ಲರೂ ಎಫ್.ಎಂ.ಎಲ್.ಎ. ಎನ್ನುತ್ತಾರೆ. ಒಂದು ಕಂಪನಿಯಲ್ಲಿ 12 ತಿಂಗಳು ದುಡಿದು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ಪೂರೈಸಿ, 75 ಮೈಲಿಯೊಳಗೆ ಕಂಪನಿಗೆ 50 ನೌಕರರಿದ್ದರೆ, ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ನಿಮ್ಮ ಹಕ್ಕು. ರಜೆಯಲ್ಲಿ ಗ್ರೂಪ್ ಇನ್ಷೂರೆನ್ಸ್ ಮುಂದುವರಿಯುತ್ತದೆ, ನಿಮ್ಮ ಪಾಲಿನ ಪ್ರೀಮಿಯಂ ನೀವು ಕಟ್ಟಬೇಕು. ಗಂಡ, ಹೆಂಡತಿ, ಮಗು, ತಂದೆ, ತಾಯಿ ಇವರ ಆರೈಕೆಗೆ ಇದು ಸಿಗುತ್ತದೆ. ಅತ್ತೆ-ಮಾವ, ಅಣ್ಣ-ತಂಗಿಯರಿಗೆ ಸಾಮಾನ್ಯವಾಗಿ ಇಲ್ಲ. ತಮ್ಮನಿಗಾಗಿ ಅಕ್ಕ ರಜೆ ಹಾಕಬೇಕೆಂದರೆ ಮ್ಯಾನೇಜರ್ ಜೊತೆ ಬೇರೆಯೇ ಮಾತುಕತೆ ಆಗಬೇಕು.

ಈಗ ಲೆಕ್ಕ ಹಾಕಿ. 12 ವಾರ ಎಂದರೆ 84 ದಿನ. ನಮ್ಮ ವಾಸ ಸುಮಾರು 120 ದಿನ. ಒಬ್ಬರ ರಜೆ ಪೂರ್ತಿ ಸುರಿದರೂ 36 ದಿನ ಬಾಕಿ. ಎಷ್ಟೋ ಮನೆಗಳು ಇದನ್ನು 80ನೇ ದಿನ ಕಂಡುಕೊಳ್ಳುತ್ತವೆ. ಆದ್ದರಿಂದ ರೋಗಿ ಆಸ್ಪತ್ರೆಯೊಳಗಿರುವ ಮೊದಲ ಮೂರು ನಾಲ್ಕು ವಾರ ಕೇರ್‌ಗಿವರ್ ಪೂರ್ಣ ರಜೆ ಹಾಕದೆ ಆದಷ್ಟು ಕೆಲಸ ಮಾಡಿ, ರಜೆಯನ್ನು ಡಿಸ್ಚಾರ್ಜ್ ನಂತರಕ್ಕೆ ಉಳಿಸಿಕೊಳ್ಳುವುದು ಜಾಣತನ. ಒಳಗಿರುವಾಗ ನರ್ಸುಗಳಿರುತ್ತಾರೆ, ಹೊರಗೆ ಬಂದ ಮೇಲೆಯೇ ನಿಜವಾದ ದುಡಿಮೆ. ವೈದ್ಯಕೀಯ ಅಗತ್ಯವಿದ್ದರೆ ಈ ರಜೆಯನ್ನು ಬಿಡಿ ದಿನಗಳಾಗಿ, ಗಂಟೆಗಳಾಗಿಯೂ ತೆಗೆದುಕೊಳ್ಳಬಹುದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಸಂಬಳದ ಒಂದು ಭಾಗ ಕೊಡುವ ಕುಟುಂಬ ರಜೆಯೂ ಇದೆ. ಅದಕ್ಕೆ ಲೆಕ್ಕಕ್ಕೆ ಬರುವುದು ನೀವು ಕೆಲಸ ಮಾಡುವ ರಾಜ್ಯ, ಚಿಕಿತ್ಸೆ ನಡೆಯುವ ರಾಜ್ಯವಲ್ಲ.

ರೋಗಿಯೇ ನೌಕರನಾಗಿದ್ದರೆ ಅವನ 12 ವಾರವೂ ಹೀಗೆಯೇ ಮುಗಿಯುತ್ತದೆ. ಆಮೇಲೆ ಕಂಪನಿಯ ಇನ್ಷೂರೆನ್ಸ್ ನಿಂತರೆ ಕೋಬ್ರಾ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು, ಪೂರ್ತಿ ಪ್ರೀಮಿಯಂ ಕೈಯಿಂದ. ಆ ಮೊತ್ತ ಎಷ್ಟೆಂದು ಎಚ್.ಆರ್. ಬಳಿ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಎಚ್-1ಬಿ ಮೇಲಿರುವವರು ಇನ್ನೆರಡು ವಿಷಯ ಗಮನಿಸಬೇಕು. ನೀವಾಗಿಯೇ ಕೇಳಿದ ವೈದ್ಯಕೀಯ ರಜೆಯಲ್ಲಿ ಸಂಬಳ ಬರದಿದ್ದ ಮಾತ್ರಕ್ಕೆ ಸ್ಟೇಟಸ್ ಹೋಗುವುದಿಲ್ಲ. ಆದರೆ ನೌಕರಿಯ ಸಂಬಂಧ ಮುಂದುವರಿದಿರಬೇಕು, ರಜೆಯ ಕಾಗದಪತ್ರ ಕೈಯಲ್ಲಿರಬೇಕು. ಕೆಲಸವೇ ಹೋದರೆ ಹೆಚ್ಚೆಂದರೆ 60 ದಿನಗಳ ಗ್ರೇಸ್ ಅವಧಿ. ಎರಡನೆಯದು ನಮ್ಮವರು ಹೆಚ್ಚು ಮರೆಯುವುದು: 'ಲ್ಯಾಪ್‌ಟಾಪ್ ತಗೊಂಡು ಹೋಗಿ ಅಲ್ಲಿಂದಲೇ ಕೆಲಸ ಮಾಡ್ತೀನಿ' ಎನ್ನುವುದು. ನಿಮ್ಮ ಅರ್ಜಿ ಒಂದು ನಿರ್ದಿಷ್ಟ ಕೆಲಸದ ಜಾಗಕ್ಕೆ ಸೇರಿದ್ದು. 2015ರ ಸಿಮಿಯೋ ತೀರ್ಪಿನ ನಂತರ, ಕೆಲಸದ ಜಾಗ ಬೇರೆ ಮೆಟ್ರೋ ಪ್ರದೇಶಕ್ಕೆ ಬದಲಾದರೆ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ಅಲ್ಪಾವಧಿಗೆ ವಿನಾಯಿತಿಗಳಿವೆ, ಆದರೆ ನಾಲ್ಕು ತಿಂಗಳು ಅಲ್ಪಾವಧಿಯಲ್ಲ. ಹೊರಡುವ ಮೊದಲೇ ಕಂಪನಿಯ ವಕೀಲರಿಗೆ ಒಂದು ಇ-ಮೇಲ್ ಹಾಕಿ.

ಭಾರತದಿಂದ ಅಪ್ಪ-ಅಮ್ಮ ಅಥವಾ ದಾನಿಯಾಗುವ ಅಣ್ಣ-ತಮ್ಮಂದಿರು ಬರಬೇಕಿದ್ದರೆ, ರೋಗಿಯ ಹೆಸರು, ಕಾಯಿಲೆ, ಬರುವವರ ಅಗತ್ಯ ಮತ್ತು ಅವಧಿ ಬರೆದ ಪತ್ರವನ್ನು ಆಸ್ಪತ್ರೆಯಿಂದ ಪಡೆದು ವೀಸಾ ಸಂದರ್ಶನವನ್ನು ಬೇಗ ಕೊಡುವಂತೆ ಕೋರಬಹುದು. (ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ತಂದೆ-ತಾಯಿ, ಮಕ್ಕಳಿಂದಲೂ ಈಗ ಕಸಿ ಮಾಡುತ್ತಾರೆ.) ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಹೆಚ್ಚು ಬೇಕಾದರೆ ಐ-94 ಮುಗಿಯುವ ಮೊದಲು ಐ-539 ಅರ್ಜಿ ಹಾಕಬೇಕು. ಅವರ ಬಿ.ಪಿ. ಮಾತ್ರೆಗಳು ಚೀಟಿಯ ಸಮೇತ ಇಡೀ ಅವಧಿಗೆ ಸಾಕಾಗುವಷ್ಟು ಬರಲಿ.

ಇನ್ಷೂರೆನ್ಸ್ ಕಂಪನಿಗೆ ಫೋನ್ ಮಾಡಿದಾಗ ನಿಮ್ಮ ಕೇಸಿಗೆ ಒಬ್ಬ ಕೇಸ್ ಮ್ಯಾನೇಜರ್ ಬೇಕೆಂದು ಕೇಳಿ. ಆಸ್ಪತ್ರೆ ನೆಟ್‌ವರ್ಕಿನಲ್ಲಿದೆಯೇ, ಮುಂಗಡ ಅನುಮತಿ ಲಿಖಿತವಾಗಿ ಬಂದಿದೆಯೇ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ: ಕಸಿಗೆ ಪ್ರಯಾಣ ಮತ್ತು ವಸತಿ ಖರ್ಚು ಕೊಡುತ್ತೀರಾ? ಎಷ್ಟೋ ಪಾಲಿಸಿಗಳಲ್ಲಿ ಇದು ಇರುತ್ತದೆ, ಕೇಳಿದವರಿಗೆ ಮಾತ್ರ ಸಿಗುತ್ತದೆ. ತೆರಿಗೆಯಲ್ಲೂ, ಚಿಕಿತ್ಸೆಗಾಗಿ ತಂಗಿದ ಖರ್ಚನ್ನು ಒಬ್ಬರಿಗೆ ರಾತ್ರಿಗೆ 50 ಡಾಲರ್‌ವರೆಗೆ, ಜೊತೆಗಿರಲೇಬೇಕಾದ ಇನ್ನೊಬ್ಬರನ್ನೂ ಸೇರಿಸಿದರೆ 100 ಡಾಲರ್‌ವರೆಗೆ ವೈದ್ಯಕೀಯ ಖರ್ಚಿಗೆ ಸೇರಿಸಬಹುದು. ಒಟ್ಟು ವೈದ್ಯಕೀಯ ಖರ್ಚು ಆದಾಯದ ಶೇ. 7.5 ದಾಟಿದ ಭಾಗಕ್ಕೆ ಮಾತ್ರ ವಿನಾಯಿತಿ. ರಸೀತಿಗಳನ್ನು ಒಂದು ಡಬ್ಬಿಗೆ ಹಾಕುತ್ತಾ ಹೋಗಿ.

ವಾಸ ಮತ್ತು ಅಡುಗೆಮನೆ

ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಹೋಪ್ ಲಾಡ್ಜ್‌ಗಳು ದೂರದಿಂದ ಬರುವ ಕ್ಯಾನ್ಸರ್ ರೋಗಿ ಮತ್ತು ಕೇರ್‌ಗಿವರ್‌ಗೆ ಉಚಿತ. ಮಗು ರೋಗಿಯಾದರೆ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಇದೆ. ಮೊದಲನೆಯದು 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಎರಡಕ್ಕೂ ಆಸ್ಪತ್ರೆಯ ಸೋಶಿಯಲ್ ವರ್ಕರ್ ಮೂಲಕ ಹೋಗುವುದು ಸರಿಯಾದ ದಾರಿ. ಜಾಗ ಖಾತ್ರಿಯಿಲ್ಲ, ಹಾಗಾಗಿ ತಿಂಗಳ ಬಾಡಿಗೆಯ ಒಂದು ಮನೆಯನ್ನೂ ನೋಡಿಟ್ಟಿರಿ. ದಿನಾಂಕ ಬದಲಾದರೆ ಹಣ ವಾಪಸ್ಸು ಬರುವಂಥದ್ದು, ಒಳಗೇ ವಾಷಿಂಗ್ ಮಷೀನ್ ಇರುವಂಥದ್ದು, ಬೂಷ್ಟಿನ ವಾಸನೆ ಇಲ್ಲದ್ದು, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯದಿರುವಂಥದ್ದು. ಕಟ್ಟಡದ ಧೂಳಿನಲ್ಲಿರುವ ಶಿಲೀಂಧ್ರ ಈ ರೋಗಿಗಳ ಶ್ವಾಸಕೋಶಕ್ಕೆ ತುಂಬಾ ಅಪಾಯಕಾರಿ.

ಊಟದ ವಿಷಯದಲ್ಲಿ ಆಸ್ಪತ್ರೆಯ ಡಯಟೀಶಿಯನ್‌ಗೆ ನಮ್ಮ ಅಡುಗೆ ಗೊತ್ತಿರುವುದಿಲ್ಲ, ನೀವೇ ಬಿಡಿಸಿ ಹೇಳಬೇಕು. ಕಾಯಿಪಲ್ಯ, ಸಾರು, ಮುದ್ದೆ, ಇಡ್ಲಿ ಬಿಸಿಬಿಸಿಯಾಗಿ ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೇಳಬೇಕಾದದ್ದು ಹಸಿಯಾದವುಗಳ ಬಗ್ಗೆ: ಕೋಸಂಬರಿ, ಮೊಳಕೆಕಾಳು, ಬೇಯಿಸದ ಚಟ್ನಿ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಊರಿನಿಂದ ತಂದ ಉಪ್ಪಿನಕಾಯಿ. ಮೊಸರನ್ನ ಬಿಟ್ಟಿರುವುದು ನಮ್ಮವರಿಗೆ ಕೀಮೋಗಿಂತ ಕಷ್ಟ, ಪಾಶ್ಚರೀಕರಿಸಿದ ಹಾಲಿನ ಅಂಗಡಿ ಮೊಸರಿಗೆ ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ. ಗ್ರೇಪ್‌ಫ್ರೂಟ್ ಮತ್ತು ನಮ್ಮ ಚಕ್ಕೋತ ಹಣ್ಣು ಟಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ, ಬೇಡವೇ ಬೇಡ. ಅಶ್ವಗಂಧ, ಅಮೃತಬಳ್ಳಿ, ಅರಿಶಿನದ ಮಾತ್ರೆ ಯಾವುದೇ ಇದ್ದರೂ ಡಾಕ್ಟರಿಗೆ ಹೇಳದೆ ಕೊಡಬೇಡಿ. ಒಗ್ಗರಣೆಯ ಇಂಗಿನ ವಾಸನೆಗೇ ರೋಗಿಗೆ ವಾಂತಿ ಬರಬಹುದು. ಅವರು ಕ್ಲಿನಿಕ್ಕಿನಲ್ಲಿದ್ದಾಗ ಅಡುಗೆ ಮುಗಿಸುವುದು ಒಂದು ಉಪಾಯ.

ಹೂವು, ತುಳಸಿ ಗಿಡವನ್ನು ಕಸಿ ವಾರ್ಡಿನೊಳಗೆ ಬಿಡುವುದಿಲ್ಲ. ಪ್ರೀತಿಯಿಂದ ಕಳಿಸಿದ ತೀರ್ಥ, ಪಂಚಾಮೃತಕ್ಕೂ ಇದೇ ಮಾತು. ದೇವರ ಫೋಟೋ, ಶುಚಿ ಮಾಡಿದ ಜಪಮಾಲೆಗೆ ಅಡ್ಡಿಯಿರದು.

ಭಾಷೆ

ತಂದೆ-ತಾಯಿಯೇ ರೋಗಿಯಾಗಿದ್ದರೆ ಇದು ಬಹಳ ಮುಖ್ಯ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದವರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಫೋನಿನಲ್ಲಾದರೂ ಸರಿ. 'ಇಂಡಿಯನ್' ಎಂದ ಕೂಡಲೇ ಹಿಂದಿಯವರನ್ನು ಕರೆಸುವುದುಂಟು. ದಾಖಲೆಯಲ್ಲಿ ಕನ್ನಡ ಎಂದೇ ಬರೆಸಿ. ಅಪ್ಪನಿಗೆ ಕೆಟ್ಟ ಸುದ್ದಿಯನ್ನು ಮಗಳೇ ಅನುವಾದಿಸಬೇಕಾದ ಸ್ಥಿತಿ ಯಾರಿಗೂ ಬೇಡ. ಮಗಳು ಅರ್ಧ ನುಂಗಿಯೇ ಹೇಳುತ್ತಾಳೆ. ರೋಗಿಗೆ ಪ್ರಜ್ಞೆ ಇಲ್ಲದಾಗ ನಿರ್ಧಾರ ಯಾರದ್ದು ಎಂಬ ಹೆಲ್ತ್ ಕೇರ್ ಪ್ರಾಕ್ಸಿ ಪತ್ರವನ್ನೂ ಅಡ್ಮಿಟ್ ಆಗುವ ಮೊದಲೇ ಸಹಿ ಮಾಡಿಸಿಡಿ.

ಬಿಟ್ಟು ಹೋಗುವ ಮನೆ

ಮಕ್ಕಳು ಊರಲ್ಲೇ ಉಳಿದು ಶಾಲೆಗೆ ಹೋಗುವುದಾದರೆ, ಅವರನ್ನು ನೋಡಿಕೊಳ್ಳುವ ಸ್ನೇಹಿತರಿಗೆ ಶಾಲೆಯಿಂದ ಕರೆದೊಯ್ಯುವ ಮತ್ತು ಚಿಕಿತ್ಸೆ ಕೊಡಿಸುವ ಲಿಖಿತ ಅನುಮತಿ ಕೊಟ್ಟು ಹೋಗಿ. ಟಪಾಲು, ಹುಲ್ಲು ಕತ್ತರಿಸುವುದು, ಹಿಮ ತೆಗೆಯುವುದು ಇವನ್ನು ಕೂಟದ ಗೆಳೆಯರಿಗೆ ಸಂಕೋಚವಿಲ್ಲದೆ ಹಂಚಿ. ಸಹಾಯ ಮಾಡಬೇಕೆಂದಿರುವವರಿಗೆ ಏನು ಮಾಡಬೇಕೆಂದು ತಿಳಿಯದಿರುವುದೇ ಹೆಚ್ಚು. ದಾವಣಗೆರೆಯಿಂದ, ಶಿರಸಿಯಿಂದ ಬರುವ ಫೋನುಗಳಿಗೆಲ್ಲ ಉತ್ತರಿಸಲು ಕುಟುಂಬದ ಒಬ್ಬರನ್ನು ನೇಮಿಸಿ, ಕೇರ್‌ಗಿವರ್ ಅಲ್ಲದ ಒಬ್ಬರನ್ನು. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಅವರ ನಿದ್ದೆ ಹೋಗುತ್ತದೆ.

ಹೋಗುವ ಊರಿನ ಕನ್ನಡ ಸಂಘಕ್ಕೂ ಮೊದಲೇ ಬರೆಯಿರಿ. ಸಿಯಾಟಲ್‌ನಲ್ಲಿ ಸಹ್ಯಾದ್ರಿ ಕನ್ನಡ ಸಂಘವಿದೆ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದವಿದೆ. ಆ ಮೂರನೆಯ, ತುರ್ತಿನ ಕೇರ್‌ಗಿವರ್ ಬಹುಶಃ ಅಲ್ಲೇ ಸಿಗುತ್ತಾರೆ. ಆ ಊರಿನ ಸದಸ್ಯರಲ್ಲೂ ಒಂದು ವಿನಂತಿ: ನೋಡಿಕೊಂಡು ಬರೋಣ ಎಂದು ಮಕ್ಕಳೊಡನೆ ಮನೆಗೆ ಹೋಗಬೇಡಿ. ದಿನಸಿ ತಂದು ಬಾಗಿಲಲ್ಲಿಡಿ, ಏರ್‌ಪೋರ್ಟಿನಿಂದ ಅಮ್ಮನನ್ನು ಕರೆತನ್ನಿ, ಕೇರ್‌ಗಿವರ್‌ ಅನ್ನು ಹೊರಗೆ ಒಂದು ಗಂಟೆ ಕಾಫಿಗೆ ಕರೆಯಿರಿ. ಆ ಒಂದು ಗಂಟೆ ರೋಗಿಯ ಬಳಿ ತರಬೇತಾದ ಇನ್ನೊಬ್ಬರಿರಬೇಕು, ಅಷ್ಟೆ.

ವಾಪಸ್ಸು ಬಂದ ಮೇಲೆ

100ನೇ ದಿನ ಮನೆಗೆ ಕಳಿಸುತ್ತಾರೆ, ಆದರೆ ಚಿಕಿತ್ಸೆ ಮುಗಿದಿರುವುದಿಲ್ಲ. ನಿಮ್ಮ ಊರಿನ ಆಂಕಾಲಜಿಸ್ಟ್ ಜೊತೆ ಮೊದಲ ಅಪಾಯಿಂಟ್‌ಮೆಂಟ್ ಹೊರಡುವ ಮುನ್ನವೇ ನಿಗದಿಯಾಗಿರಲಿ. ರೋಗಿ ಕುಳಿತಿರುವ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದ ಡಾಕ್ಟರು ಸಾಮಾನ್ಯವಾಗಿ ವಿಡಿಯೋದಲ್ಲಿ ನೋಡುವಂತಿಲ್ಲ, ಆದ್ದರಿಂದ ಕಸಿ ಮಾಡಿದ ಡಾಕ್ಟರು ವಿಡಿಯೋದಲ್ಲಿ ಸಿಗುತ್ತಾರೆ ಎಂದು ನಂಬಿ ಕೂರಬೇಡಿ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳನ್ನೆಲ್ಲ ಮತ್ತೆ ಮೊದಲಿನಿಂದ ಹಾಕಿಸಬೇಕಾಗುತ್ತದೆ. ದಡಾರದಂಥ ಜೀವಂತ ಲಸಿಕೆಗಳು ಸಾಮಾನ್ಯವಾಗಿ ಎರಡು ವರ್ಷದ ನಂತರವೇ. ಭಾರತದ ಟಿಕೆಟ್ ಕೊಳ್ಳುವ ಮೊದಲು ಈ ಪಟ್ಟಿಯನ್ನು ಕಸಿ ಕೇಂದ್ರದ ಮುಂದಿಟ್ಟು ಕೇಳಿ. ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿದ್ದರೂ ಸರಿ, ಮೊದಲು ಅವರ ಒಪ್ಪಿಗೆ, ಆಮೇಲೆ ಟಿಕೆಟ್.